ಒಂಬೈನೂರು ರೂಪಾಯಿ, ಒಂಬೈನೂರು ಡಾಲರ್

ನಾನು ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದವನು ರಾಯಚೂರು ಜಿಲ್ಲೆಯ ಒಂದು ಹಳ್ಳಿಯ ಹುಡುಗ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ. ಗಣಿತದಲ್ಲಿ ನಮಗೆಲ್ಲ ಹೇಳಿಕೊಡುತ್ತಿದ್ದವನು ಅವನೇ. ನಾಲ್ಕನೇ ಸೆಮಿಸ್ಟರಿನ ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ ದಾಟಿಹೋಗಿ, ದಂಡವೂ ಸೇರಿ ಒಂಬೈನೂರು ಚಿಲ್ಲರೆ ರೂಪಾಯಿ ಆಯಿತು. ನಮ್ಮಲ್ಲಿ ಯಾರನ್ನೂ ಕೇಳಲಿಲ್ಲ. "ಊರಿಗೆ ಹೋಗಿ ತರ್ತೀನಿ" ಅಂತ ಹೊರಟವನು ಹಾಲ್ ಟಿಕೆಟ್ ಕೊಡುವ ದಿನವೂ ಬರಲಿಲ್ಲ, ಪರೀಕ್ಷೆಗೂ ಬರಲಿಲ್ಲ. ಮುಂದಿನ ವರ್ಷ ಕಾಲೇಜಿನ ಪಟ್ಟಿಯಲ್ಲಿ ಅವನ ಹೆಸರೇ ಇರಲಿಲ್ಲ. ಕಾರಣ ನಮಗೆ ಗೊತ್ತಾದದ್ದು ತಿಂಗಳುಗಳ ನಂತರ. ನಾವು ಎಂಟು ಜನ ಗೆಳೆಯರು ಆ ತಿಂಗಳು ಮಸಾಲೆದೋಸೆ, ಸಿನಿಮಾ ಅಂತ ಖರ್ಚು ಮಾಡಿದ್ದು ಅದಕ್ಕಿಂತ ಹೆಚ್ಚು.

ನಾನು ಶಿಕ್ಷಣತಜ್ಞನಲ್ಲ, ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯುವವನು. ಆದರೆ ನಾವು ಪ್ರತಿ ವರ್ಷ ಊರಿನ ವಿದ್ಯಾರ್ಥಿಗಳಿಗೆಂದು ಹಣ ಕೂಡಿಸುವಾಗ ಆ ಹುಡುಗ ನೆನಪಾಗುತ್ತಾನೆ. ಅದಕ್ಕಾಗಿ ಅಮೆರಿಕದ ಅಟ್ಲಾಂಟಾ ನಗರದ ಒಂದು ವಿಶ್ವವಿದ್ಯಾಲಯದ ಕಥೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಜಾರ್ಜಿಯಾ ಸ್ಟೇಟ್ ಯೂನಿವರ್ಸಿಟಿ ಸರ್ಕಾರಿ ವಿಶ್ವವಿದ್ಯಾಲಯ. ಹಾರ್ವರ್ಡ್, ಎಂಐಟಿಗಳ ಹಾಗೆ ನಮ್ಮ ಪಾರ್ಟಿಗಳಲ್ಲಿ ಅದರ ಹೆಸರು ಕೇಳಿಬರುವುದಿಲ್ಲ. ಅಲ್ಲಿನ ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಡಿಮೆ ಆದಾಯದ ಮನೆಯವರು, ಕೇಂದ್ರ ಸರ್ಕಾರದ ಪೆಲ್ ಗ್ರಾಂಟ್ ಪಡೆಯುವವರು. ಅನೇಕರು ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರು. 2003ರ ಲೆಕ್ಕದ ಪ್ರಕಾರ, ಅಲ್ಲಿ ಸೇರಿದ್ದ ನೂರು ಮಂದಿಯಲ್ಲಿ ಆರು ವರ್ಷದೊಳಗೆ ಪದವಿ ಪಡೆಯುತ್ತಿದ್ದವರು 32 ಮಂದಿ ಮಾತ್ರ. (ನಾಲ್ಕು ವರ್ಷದ ಪದವಿಯನ್ನು ಇಲ್ಲಿ ಆರು ವರ್ಷಕ್ಕೆ ಅಳೆಯುವುದು ರೂಢಿ.) ಮುಂದಿನ ಹತ್ತು ಹನ್ನೊಂದು ವರ್ಷಗಳಲ್ಲಿ ಆ ಸಂಖ್ಯೆ 50 ದಾಟಿತು. ಅದಕ್ಕಿಂತ ಮುಖ್ಯವಾದ ಮಾತೆಂದರೆ ಕಪ್ಪು ವಿದ್ಯಾರ್ಥಿಗಳು, ಹಿಸ್ಪಾನಿಕ್ ವಿದ್ಯಾರ್ಥಿಗಳು ಮತ್ತು ಬಡ ವಿದ್ಯಾರ್ಥಿಗಳು ಉಳಿದವರಷ್ಟೇ ಪ್ರಮಾಣದಲ್ಲಿ ಪದವಿ ಪಡೆಯತೊಡಗಿದರು. ಅಮೆರಿಕದಲ್ಲಿ ಇದು ಅಪರೂಪ.

ಏನು ಮಾಡಿದರು? ಕೇಳಿದರೆ "ಇಷ್ಟೇನಾ" ಅನ್ನಿಸುತ್ತದೆ.

ಮೊದಲನೆಯದು, ಶುಲ್ಕದ ವಿಷಯ. ಪ್ರತಿ ಸೆಮಿಸ್ಟರ್ ಶುಲ್ಕ ಪೂರ್ತಿ ಕಟ್ಟದವರ ಹೆಸರನ್ನು ತರಗತಿಗಳಿಂದ ತೆಗೆದುಹಾಕುವುದು ಅಲ್ಲಿನ ನಿಯಮ. ಹೀಗೆ ಸಲಕ್ಕೆ ಸಾವಿರಕ್ಕೂ ಹೆಚ್ಚು ಮಂದಿ ಹೊರಗೆ ಹೋಗುತ್ತಿದ್ದರು. ಯಾರಿವರು ಎಂದು ನೋಡಿದರೆ, ಒಳ್ಳೆಯ ಅಂಕ ಇದ್ದವರು ಬೇಕಾದಷ್ಟಿದ್ದರು. ಪದವಿಗೆ ಒಂದೆರಡು ಸೆಮಿಸ್ಟರ್ ಬಾಕಿ ಇದ್ದವರೂ ಇದ್ದರು. ಬಾಕಿ ಹಣ ಕೆಲವು ನೂರು ಡಾಲರ್! 2011ರಲ್ಲಿ 'ಪ್ಯಾಂಥರ್ ರಿಟೆನ್ಷನ್ ಗ್ರಾಂಟ್' ಶುರು ಮಾಡಿದರು. ಇದಕ್ಕೆ ವಿದ್ಯಾರ್ಥಿ ಅರ್ಜಿ ಹಾಕಬೇಕಿಲ್ಲ. ಆಫೀಸಿನವರೇ ಲೆಕ್ಕ ನೋಡಿ, ಅರ್ಹರನ್ನು ಹುಡುಕಿ, ಅವರ ಖಾತೆಗೆ ಬಾಕಿಯನ್ನು ತುಂಬುತ್ತಾರೆ. ಹಣ ಪಡೆದವನು ಸಲಹೆಗಾರರ ಜೊತೆ ಕೂತು ಮುಂದಿನ ಖರ್ಚಿನ ಲೆಕ್ಕಾಚಾರ ಮಾಡಬೇಕು, ಅಷ್ಟೆ. ಸರಾಸರಿ ಮೊತ್ತ ಸುಮಾರು 900 ಡಾಲರ್. ಇದುವರೆಗೆ ಹತ್ತು ಸಾವಿರಕ್ಕೂ ಹೆಚ್ಚು ಬಾರಿ ಹೀಗೆ ಕೊಟ್ಟಿದ್ದಾರೆ. ಇದು ದಾನವೂ ಅಲ್ಲ ನೋಡಿ. ಒಬ್ಬ ವಿದ್ಯಾರ್ಥಿ ಉಳಿದರೆ ಅವನು ಕಟ್ಟುವ ಉಳಿದ ಶುಲ್ಕವೂ ಉಳಿಯುತ್ತದೆ. ನಮ್ಮ ಶೆಟ್ಟರ ಅಂಗಡಿಯವರಿಗೂ ಅರ್ಥವಾಗುವ ವ್ಯವಹಾರ.

ಎರಡನೆಯದು ನನ್ನ ಕಸುಬಿಗೆ ಹತ್ತಿರದ್ದು. ಹಳೆಯ ವಿದ್ಯಾರ್ಥಿಗಳ ಹತ್ತು ವರ್ಷಗಳ ದಾಖಲೆ, ಸುಮಾರು 25 ಲಕ್ಷ ಗ್ರೇಡುಗಳನ್ನು ಕಂಪ್ಯೂಟರಿಗೆ ಕೊಟ್ಟು, ಯಾವ ಯಾವ ಹಂತದಲ್ಲಿ ಮಕ್ಕಳು ದಾರಿ ತಪ್ಪುತ್ತಾರೆ ಎಂದು ಹುಡುಕಿದರು. ಸುಮಾರು 800 ಸೂಚನೆಗಳು ಸಿಕ್ಕವು. ಒಂದು ಉದಾಹರಣೆ: ರಾಜ್ಯಶಾಸ್ತ್ರ ಓದುವವನಿಗೆ ಆ ವಿಷಯದ ಮೊದಲ ಕೋರ್ಸಿನಲ್ಲಿ ಎ ಅಥವಾ ಬಿ ಬಂದರೆ ಅವನು ಸಕಾಲಕ್ಕೆ ಪದವಿ ಪಡೆಯುವ ಸಾಧ್ಯತೆ ನೂರಕ್ಕೆ 75. ಸಿ ಬಂದರೆ 25. ಸಿ ಅಂದರೆ ಪಾಸು ತಾನೆ? ಹಿಂದೆ ಅವನನ್ನು ಯಾರೂ ಮಾತಾಡಿಸುತ್ತಿರಲಿಲ್ಲ. 2012ರಿಂದ, ಇಂಥ ಸೂಚನೆ ಬಂದ ಕೂಡಲೇ ಸಲಹೆಗಾರರು ಕರೆದು ಕೇಳುತ್ತಾರೆ. ತಪ್ಪು ಕೋರ್ಸಿಗೆ ಹೆಸರು ಹಚ್ಚಿದರೂ ಗಂಟೆ ಬಾರಿಸುತ್ತದೆ.

ಸಾಫ್ಟ್‌ವೇರಿನವನಾಗಿ ಒಂದು ಮಾತು ಹೇಳಲೇಬೇಕು. ಇಲ್ಲಿ ಕೆಲಸ ಮಾಡಿದ್ದು ಬರೀ ಕಂಪ್ಯೂಟರ್ ಅಲ್ಲ. ಜೊತೆಯಲ್ಲೇ ನಲವತ್ತಕ್ಕೂ ಹೆಚ್ಚು ಹೊಸ ಸಲಹೆಗಾರರನ್ನು ನೇಮಿಸಿ, ಒಬ್ಬೊಬ್ಬರಿಗೆ ಸುಮಾರು 300 ವಿದ್ಯಾರ್ಥಿಗಳಂತೆ ಹಂಚಿದರು. ಎಚ್ಚರಿಕೆಯ ಸಂದೇಶ ಬಂದು ನೋಡುವವರೇ ಇಲ್ಲದಿದ್ದರೆ ಏನಾಗುತ್ತದೆಂದು ರಾತ್ರಿ ಪೇಜರ್ ಹೊತ್ತು ಮಲಗಿದ ಎಂಜಿನಿಯರುಗಳಿಗೆ ಗೊತ್ತು. ಇನ್ನೊಂದು ಅಪಾಯವೂ ಇದೆ. ಕತ್ತಿಗೆ ಎರಡು ಅಲಗು. 2016ರಲ್ಲಿ ಮೇರಿಲ್ಯಾಂಡಿನ ಒಂದು ಖಾಸಗಿ ವಿಶ್ವವಿದ್ಯಾಲಯದ ಅಧ್ಯಕ್ಷರು, ಹೊಸ ವಿದ್ಯಾರ್ಥಿಗಳಿಗೆ ಪ್ರಶ್ನಾವಳಿ ಕೊಟ್ಟು, ಸೋಲಬಹುದಾದವರನ್ನು ಗುರುತಿಸಿ, ಸರ್ಕಾರಕ್ಕೆ ಲೆಕ್ಕ ಕೊಡುವ ದಿನಕ್ಕೆ ಮೊದಲೇ ಹೊರಗೆ ಕಳಿಸಲು ಯೋಜಿಸಿದ್ದು ಬಯಲಾಯಿತು. ಹಾಗೆ ಮಾಡಿದರೆ ಅಂಕಿ ಅಂಶ ಚೆನ್ನಾಗಿ ಕಾಣುತ್ತದಲ್ಲ! ಗಲಾಟೆಯಾಗಿ ಅವರು ರಾಜೀನಾಮೆ ಕೊಟ್ಟರು. ಅದೇ ದಾಖಲೆ, ಅದೇ ಲೆಕ್ಕ. ಒಂದು ಕಡೆ ಕೈ ಹಿಡಿಯಲು, ಇನ್ನೊಂದು ಕಡೆ ಕತ್ತು ಹಿಡಿದು ನೂಕಲು.

ನ್ಯೂಯಾರ್ಕ್ ನಗರದ ಸರ್ಕಾರಿ ಕಾಲೇಜುಗಳಲ್ಲಿ 2007ರಲ್ಲಿ ಶುರುವಾದ 'ಎ.ಎಸ್.ಎ.ಪಿ.' ಯೋಜನೆಯೂ ಇದೇ ಜಾತಿಯದು. ಶುಲ್ಕದ ಕೊರತೆ ತುಂಬುವುದು, ಪುಸ್ತಕಕ್ಕೆ ನೆರವು, ಬಸ್ಸು ರೈಲಿಗೆ ಪಾಸು, ಆಗಾಗ ಸಲಹೆಗಾರರ ಭೇಟಿ ಕಡ್ಡಾಯ. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಪರೀಕ್ಷಿಸಿದಾಗ, ಮೂರು ವರ್ಷದಲ್ಲಿ ಯೋಜನೆಯೊಳಗಿದ್ದವರಲ್ಲಿ ನೂರಕ್ಕೆ 40, ಹೊರಗಿದ್ದವರಲ್ಲಿ 22 ಮಂದಿ ಪದವಿ ಮುಗಿಸಿದ್ದರು.

ಅಟ್ಲಾಂಟಾದಲ್ಲಿ ಈ ನಿಯಮಗಳು ಜಾತಿ, ಬಣ್ಣ ನೋಡದೆ ಎಲ್ಲರಿಗೂ ಒಂದೇ. ಹಾಗಿದ್ದೂ ಅಂತರ ಹೇಗೆ ಮುಚ್ಚಿತು? ನಮ್ಮ ಮಕ್ಕಳನ್ನೇ ನೋಡಿ. ಯಾವ ಕೋರ್ಸ್ ಬಿಡಬೇಕು, ಯಾವ ಫಾರಂ ಯಾವಾಗ ಕಳಿಸಬೇಕು ಎನ್ನುವುದಕ್ಕೆ ಅವರ ಹಿಂದೆ ಅಪ್ಪ ಅಮ್ಮ, ಚಿಕ್ಕಪ್ಪ, ಪಕ್ಕದ ಬೀದಿಯ ರಾವ್ ಅಂಕಲ್ ಎಲ್ಲ ಇದ್ದಾರೆ. ಸಿ ಬಂದರೆ ಮನೆಯಲ್ಲಿ ಆ ರಾತ್ರಿಯೇ ವಿಚಾರಣೆ. ಎಡವಿದಾಗ ಹಿಡಿಯುವ ಕೈ ಇಲ್ಲದವನಿಗೆ ಕಾಲೇಜೇ ಆ ಕೈಯಾದರೆ ಲಾಭ ಹೆಚ್ಚು ಅವನಿಗೇ. ಹಿಂದೆ ನಮ್ಮ ಕಡೆ ವಾರಾನ್ನ ಅಂತಿತ್ತು. ದಿನಕ್ಕೊಂದು ಮನೆಯಲ್ಲಿ ಉಂಡು ಓದಿದವರನ್ನು ನಮ್ಮ ಅಜ್ಜಂದಿರು ಕಂಡಿದ್ದರು. ತುಮಕೂರಿನ ಸಿದ್ಧಗಂಗಾ ಮಠ ಇಂದಿಗೂ ಸಾವಿರಾರು ಮಕ್ಕಳಿಗೆ ಅನ್ನ, ವಸತಿ ಕೊಡುತ್ತಿದೆ. ಆ ಕೈ ನಮಗೆ ಹೊಸದೇನಲ್ಲ.

ಈಗ ನಮ್ಮ ಮನೆಯ ಲೆಕ್ಕಕ್ಕೆ ಬರೋಣ. ನಾವು ವಿದ್ಯಾರ್ಥಿವೇತನ ಕೊಡುವುದು ವರ್ಷಕ್ಕೊಮ್ಮೆ, ಫಲಿತಾಂಶ ಬಂದ ಮೇಲೆ, ಅಂಕಪಟ್ಟಿ ನೋಡಿ, ಆರು ಪುಟದ ಅರ್ಜಿ ತುಂಬಿದವರಿಗೆ. ನನ್ನ ಪಕ್ಕದ ಮಂಚದವನು ಆ ಅರ್ಜಿ ತುಂಬುತ್ತಿರಲಿಲ್ಲ. ಅವನಿಗೆ ಹಣ ಬೇಕಾಗಿದ್ದದ್ದು ಆಗಸ್ಟಿನಲ್ಲೂ ಅಲ್ಲ, ಪರೀಕ್ಷೆಗೆ ಮುಂಚಿನ ಒಂದು ವಾರದಲ್ಲಿ. ಆದ್ದರಿಂದ ಸಮಿತಿಯ ಮುಂದೆ ನನ್ನದೊಂದು ಕೋರಿಕೆ ಇದೆ. ಈ ಸಲ ಕೂಡಿದ ಹಣದಲ್ಲಿ ಹತ್ತನೇ ಒಂದು ಭಾಗವನ್ನು ಬೇರೆ ತೆಗೆದಿಡೋಣ. ನಾವು ಈಗಾಗಲೇ ನೆರವು ಕೊಡುತ್ತಿರುವ ಕಾಲೇಜುಗಳಲ್ಲಿ ಹಾಸ್ಟೆಲ್ ವಾರ್ಡನ್ ಅಥವಾ ಒಬ್ಬ ಮೇಷ್ಟ್ರನ್ನು ಗೊತ್ತುಮಾಡಿ, ಶುಲ್ಕ ಕಟ್ಟದವರ ಪಟ್ಟಿಯನ್ನು ಕೊನೆಯ ದಿನಕ್ಕೆ ಮೊದಲೇ ನೋಡಲು ಹೇಳೋಣ. ವಿದ್ಯಾರ್ಥಿ ಕೇಳಬೇಕಾಗಿಲ್ಲ, ಮೇಷ್ಟ್ರು ಫೋನ್ ಮಾಡಿದರೆ ಸಾಕು. ಎರಡು ದಿನದಲ್ಲಿ ಹಣ ಕಾಲೇಜಿನ ಖಾತೆಗೆ ಹೋಗಬೇಕು. ಲೆಕ್ಕ ಇಡುವ ಪ್ರೋಗ್ರಾಮ್ ಬರೆಯುವ ಕೆಲಸ ನನ್ನದು. ಮೇಷ್ಟ್ರ ಫೋನ್ ಬಂದಾಗ, ಅದು ಇಲ್ಲಿ ರಾತ್ರಿ ಎರಡು ಗಂಟೆಯಾದರೂ ಸರಿ, ಎತ್ತಲು ಸರದಿಯ ಮೇಲೆ ನಾಲ್ಕು ಜನ ಬೇಕು. ಈಗ ಇಬ್ಬರಿದ್ದೇವೆ.