ಬೆಲೆ ಟವೆಲಿನ ಮರೆಯಲ್ಲಿ, ಹಲ್ಲು ಬೆಳಕಿನಲ್ಲಿ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತಿನ ವ್ಯಾಪಾರ ಕುದುರುವುದು ಟವೆಲಿನ ಮರೆಯಲ್ಲಿ. ಬಟ್ಟೆಯ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಬೆಲೆ ಹೇಳುತ್ತಾರೆ. ಪಕ್ಕದಲ್ಲೇ ನಿಂತವನಿಗೂ ಅದು ತಿಳಿಯದು. ಆದರೆ ಕೈಗೆ ಕೈ ಸೇರುವ ಮೊದಲು ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಅದೆಲ್ಲ ಹಗಲು ಬೆಳಕಿನಲ್ಲಿ, ಹತ್ತು ಜನರ ಎದುರಿಗೆ. ಬೆಲೆಗೆ ಗುಟ್ಟುಂಟು, ಎತ್ತಿನ ವಯಸ್ಸಿಗೆ ಗುಟ್ಟಿಲ್ಲ. ಚೌಕಾಸಿಯ ನ್ಯಾಯವೆಲ್ಲ ಈ ಒಂದು ಕಟ್ಟಳೆಯಲ್ಲಿ ಅಡಗಿದೆ. ಆನ್‌ಲೈನ್ ಮಾರುಕಟ್ಟೆಗಳಿಗೂ ಇದೇ ಅಳತೆಗೋಲು ಸಾಕು.

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಡಲ್ಲಾಸ್‌ನ ಉತ್ತರಕ್ಕಿರುವ ಅಲೆನ್, ಪ್ಲೇನೊ, ಫ್ರಿಸ್ಕೊ ಊರುಗಳಲ್ಲಿ, ಹ್ಯೂಸ್ಟನ್ ಮತ್ತು ಆಸ್ಟಿನ್‌ನಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಹಳೆಯ ಸಾಮಾನಿನ ಸಂತೆಯೆಂದರೆ ಈಗ ಫೋನಿನ ಪರದೆ. 1995ರಲ್ಲಿ ಶುರುವಾದ ಕ್ರೇಗ್ಸ್‌ಲಿಸ್ಟ್, 2016ರಲ್ಲಿ ಬಂದ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ಪರಿಚಿತರ ವಾಟ್ಸ್‌ಆ್ಯಪ್ ಗುಂಪುಗಳು: ಸೋಫಾ, ಮಗುವಿನ ತೊಟ್ಟಿಲು, ಕಾರು ಎಲ್ಲವೂ ಇಲ್ಲಿ ಕೈ ಬದಲಾಗುತ್ತವೆ. ಊರ ಸಂತೆಯಲ್ಲಿ ಮಾರುವವಳ ಮುಖ ಮುಂದಿನ ವಾರವೂ ಕಾಣುತ್ತಿತ್ತು. ಅಳೆದುಕೊಟ್ಟ ಮೇಲೆ ಹಿಡಿ ಕೊಸರು ಹಾಕುತ್ತಿದ್ದುದು ಬರಿಯ ಔದಾರ್ಯದಿಂದಲ್ಲ, ಗಿರಾಕಿ ಮತ್ತೆ ಬರಲಿ ಎಂದು. ಮತ್ತೆ ಭೇಟಿಯಾಗುವ ಖಾತ್ರಿಯೇ ಇಬ್ಬರನ್ನೂ ಹದ್ದುಬಸ್ತಿನಲ್ಲಿ ಇಡುತ್ತಿತ್ತು. ಆನ್‌ಲೈನ್‌ನಲ್ಲಿ ಸೋಫಾ ಕೊಂಡವನೂ ಮಾರಿದವನೂ ಬಹುಪಾಲು ಮತ್ತೆಂದೂ ಎದುರಾಗುವುದಿಲ್ಲ. ಆ ಕಡಿವಾಣ ಕಳಚಿದ ಮೇಲೆ ನ್ಯಾಯವನ್ನು ಕಾಯುವುದು ಯಾವುದು ಎಂಬುದೇ ಪ್ರಶ್ನೆ.

ಮೊದಲು ಹಲ್ಲಿನ ಮಾತು. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡು ಒಂದು ಸತ್ಯವನ್ನು ತೋರಿಸಿದರು. ದೋಷ ಮಾರುವವನಿಗೆ ಮಾತ್ರ ಗೊತ್ತಿದ್ದರೆ, ಕೊಳ್ಳುವವನು ಎಲ್ಲ ಕಾರನ್ನೂ ಅನುಮಾನಿಸಿ ಕಡಿಮೆ ಬೆಲೆ ಕೇಳುತ್ತಾನೆ; ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯ ಮಾರಲು ಒಪ್ಪದೆ ಹಿಂದೆ ಸರಿಯುತ್ತಾನೆ; ಕೊನೆಗೆ ಮಾರುಕಟ್ಟೆಯಲ್ಲಿ ಕೆಟ್ಟ ಕಾರುಗಳಷ್ಟೇ ಉಳಿಯುತ್ತವೆ. 2001ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಈ ವಿಚಾರದ ಪಾಠವನ್ನು 2017ರ ಹಾರ್ವಿ ಚಂಡಮಾರುತ ಹ್ಯೂಸ್ಟನ್‌ಗೆ ಕಲಿಸಿತು. ಲಕ್ಷಾಂತರ ವಾಹನಗಳು ನೀರಿನಲ್ಲಿ ಮುಳುಗಿದವು. ಅಂಥ ಕಾರನ್ನು ತೊಳೆದು ಒಣಗಿಸಿದರೆ ಫೋಟೊದಲ್ಲಿ ಹೊಸದರಂತೆ ಕಾಣುತ್ತದೆ, ವೈರಿಂಗ್ ಮಾತ್ರ ಒಳಗೇ ತುಕ್ಕು ಹಿಡಿಯುತ್ತದೆ. ಗಿರಾಕಿಯನ್ನು ವ್ಯವಹಾರಕ್ಕೆ ಎಳೆಯಲೆಂದೇ ತನಗೆ ಗೊತ್ತಿದ್ದ ಸಂಗತಿಯನ್ನು ಮುಚ್ಚಿಡುವುದನ್ನು ಟೆಕ್ಸಾಸ್‌ನ ಮೋಸದ ವ್ಯಾಪಾರ ತಡೆ ಕಾನೂನು ತಪ್ಪೆಂದು ಹೆಸರಿಸಿದೆ. ಆದರೆ 'ನನ್ನ ಕೊನೆಯ ಬೆಲೆ ಇಷ್ಟು' ಎಂದು ಬಾಯಿಬಿಡಬೇಕೆಂದು ಯಾವ ಕಾನೂನೂ ಕೇಳುವುದಿಲ್ಲ. ಜಾತ್ರೆಯ ಕಟ್ಟಳೆಯೂ ಶಾಸನವೂ ಇಲ್ಲಿ ಒಂದೇ ಮಾತು ಹೇಳುತ್ತವೆ.

ಎರಡನೆಯದು ಅವಸರದ ಮಾತು. ಎಚ್-1ಬಿ ಉದ್ಯೋಗ ವೀಸಾದಲ್ಲಿರುವವರು ಕೆಲಸ ಕಳೆದುಕೊಂಡರೆ 2017ರಿಂದ ಜಾರಿಯಲ್ಲಿರುವ ನಿಯಮದಂತೆ ಅವರಿಗೆ ಸಿಗುವ ಗಡುವು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಹೊಸ ಕೆಲಸ ಸಿಗದಿದ್ದರೆ, ಬೇರೆ ವೀಸಾದ ದಾರಿಯೂ ಇಲ್ಲದಿದ್ದರೆ, ಮನೆ ಖಾಲಿ ಮಾಡಿ ಹೊರಡಬೇಕು. ಇಂಥವರ ಸಾಮಾನಿಗೆ ಕಡಿಮೆ ಬೆಲೆ ಕೇಳುವುದು ತಪ್ಪೇ? ತಪ್ಪಲ್ಲ. ಇಬೇ ತಾಣದ ವ್ಯಾಪಾರಗಳನ್ನು ಜಾಲಾಡಿ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ನೂರರ ಗುಣಕಗಳಲ್ಲಿ ದುಂಡು ಬೆಲೆ ಹಾಕಿದ ಮಾರಾಟಗಾರರಿಗೆ ಗಿರಾಕಿಗಳು ಕೇಳುವ ಬೆಲೆ ಶೇ 8ರಿಂದ 12ರಷ್ಟು ಕಡಿಮೆ, ಆದರೆ ಗಿರಾಕಿ ಬೇಗ ಸಿಗುತ್ತಾನೆ. ದುಂಡು ಸಂಖ್ಯೆಯೇ 'ನನಗೆ ಬೇಗ ಮಾರಬೇಕಿದೆ' ಎಂಬ ಸೂಚನೆ. ಬೆಲೆ ಬಿಟ್ಟುಕೊಟ್ಟು ಸಮಯ ಪಡೆಯುವುದು ಪ್ರಾಮಾಣಿಕ ವಿನಿಮಯವೇ. ಅದೇ ತಾಣದ ಕೋಟಿಗೂ ಮಿಕ್ಕ ಸರಕುಗಳನ್ನು ನೋಡಿದ 2020ರ ಇನ್ನೊಂದು ಅಧ್ಯಯನದಲ್ಲಿ, ಇಬ್ಬರ ಬೆಲೆಗಳ ನಡುವಿನ ಅಂತರವನ್ನು ಅರ್ಧರ್ಧ ಹಂಚುವ ಮಾತಿಗೆ ಜನ ಹೆಚ್ಚು ಒಲಿಯುವುದು ಕಂಡುಬಂತು. ಮುಖ ನೋಡದ ಅಪರಿಚಿತರೂ 'ನೀವಷ್ಟು ಇಳಿಯಿರಿ, ನಾನಷ್ಟು ಏರುತ್ತೇನೆ' ಎಂಬ ಸಂತೆಯ ನೀತಿಯನ್ನು ಮರೆತಿಲ್ಲ. ಅನ್ಯಾಯ ಹುಟ್ಟುವುದು ಬೇರೆ ಕಡೆ: 400 ಡಾಲರ್‌ಗೆ ಮಾತಾಗಿ, ಉಳಿದ ಗಿರಾಕಿಗಳನ್ನೆಲ್ಲ ವಾಪಸ್ ಕಳಿಸಿದ ಮೇಲೆ, ಸಾಮಾನು ಸಾಗಿಸುವ ಲಾರಿ ಬಾಗಿಲಲ್ಲಿ ನಿಂತಿರುವಾಗ ಬಂದು '250 ಕೊಡುತ್ತೇನೆ' ಎನ್ನುವುದರಲ್ಲಿ. ಅದು ಚೌಕಾಸಿಯಲ್ಲ, ಕೊಟ್ಟ ಮಾತನ್ನೇ ಮುರಿಯುವುದು.

'ಇಬ್ಬರೂ ಒಪ್ಪಿದ ಮೇಲೆ ಅನ್ಯಾಯವೆಲ್ಲಿ?' ಎಂದು ಕೇಳುವವರಿದ್ದಾರೆ. ಮನೋವಿಜ್ಞಾನಿ ಡೇನಿಯಲ್ ಕಾನ್‌ಮನ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಕೆನಡಾದ ಸಮೀಕ್ಷೆ ಇದಕ್ಕೆ ಉತ್ತರ ಕೊಡುತ್ತದೆ. ಹಿಮಪಾತದ ಮರುದಿನ ಅಂಗಡಿಯವನು 15 ಡಾಲರ್‌ನ ಸಲಿಕೆಯನ್ನು 20ಕ್ಕೆ ಏರಿಸಿದರೆ ಸರಿಯೇ ಎಂದು ಕೇಳಿದಾಗ ಶೇ 82 ಮಂದಿ ಅದು ಅನ್ಯಾಯ ಎಂದರು. ಕೊಳ್ಳುವವನ ಒಪ್ಪಿಗೆ ಇದ್ದೇ ಇತ್ತು. ಆದರೆ ಬೇರೆ ದಾರಿಯಿಲ್ಲದವನ ಒಪ್ಪಿಗೆಗೆ ಜನ ಪೂರ್ತಿ ಬೆಲೆ ಕಟ್ಟಲಿಲ್ಲ. ಬೆಲೆ ಏರಿದರೆ ಸರಕು ಹೆಚ್ಚು ಬರುತ್ತದೆ ಎಂಬ ವಾದದಲ್ಲೂ ಹುರುಳಿದೆ. ಟೆಕ್ಸಾಸ್ ಕಾನೂನೂ ಘೋಷಿತ ವಿಪತ್ತಿನ ಕಾಲದಲ್ಲಿ ನೀರು, ಇಂಧನದಂಥ ಅಗತ್ಯಗಳ ಬೆಲೆ ಏರಿಕೆಯನ್ನೆಲ್ಲ ನಿಷೇಧಿಸದೆ, ವಿಪರೀತ ಬೆಲೆಯನ್ನಷ್ಟೇ ತಡೆಯುತ್ತದೆ. 60 ದಿನದ ಗಡುವು ಒಂದು ಮನೆಯ ಪಾಲಿನ ವಿಪತ್ತು. ಅದನ್ನು ಘೋಷಿಸಲು ಯಾವ ರಾಜ್ಯಪಾಲರೂ ಇಲ್ಲ. ಅಲ್ಲಿ ಮಿತಿ ಹಾಕಿಕೊಳ್ಳಬೇಕಾದದ್ದು ಕೊಳ್ಳುವವನ ಮನಸ್ಸು.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಚೌಕಾಸಿ ಮಾತುಗಾರನಿಗೆ ಲಾಭ, ಸಂಕೋಚದವನಿಗೆ ನಷ್ಟ; ಆದ್ದರಿಂದ ಒಂದೇ ಬೆಲೆಯ ಪದ್ಧತಿಯೇ ಮೇಲು. ಚೌಕಾಸಿ ಎಲ್ಲರಿಗೂ ಸಮವಲ್ಲ ಎಂಬುದಕ್ಕೆ ಪುರಾವೆಯೂ ಉಂಟು. ಅಮೆರಿಕದ ಆನ್‌ಲೈನ್ ಜಾಹೀರಾತುಗಳಲ್ಲಿ ಐಪಾಡ್ ಮಾರಲು ಇಟ್ಟು 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಫೋಟೊದಲ್ಲಿ ಅದನ್ನು ಹಿಡಿದ ಕೈ ಕಪ್ಪಾಗಿದ್ದಾಗ ಬಿಳಿ ಕೈಗಿಂತ ಶೇ 17ರಷ್ಟು ಕಡಿಮೆ ಕೇಳಿಕೆಗಳು ಬಂದವು. ಇದನ್ನು ಅಲ್ಲಗಳೆಯಲಾಗದು. ಆದರೆ ಬಳಸಿದ ವಸ್ತುವಿಗೆ ಒಂದೇ ಬೆಲೆ ಎಂಬುದು ಇಲ್ಲವೇ ಇಲ್ಲ. ಎರಡು ಸೋಫಾ ಒಂದೇ ರೀತಿ ಸವೆಯುವುದಿಲ್ಲ. ಮದ್ದಿರುವುದು ಎಲ್ಲರಿಗೂ ಕಾಣುವ ಆಧಾರ ಬೆಲೆಯಲ್ಲಿ. ಖಾಸಗಿಯವರ ನಡುವಿನ ಕಾರು ಮಾರಾಟಕ್ಕೆ ಟೆಕ್ಸಾಸ್ ಸರ್ಕಾರ ತನ್ನ ತೆರಿಗೆಗಾಗಿ ಅಂಥದೊಂದನ್ನು ಇಟ್ಟುಕೊಂಡಿದೆ: ಕೊಟ್ಟ ಬೆಲೆ ಅಥವಾ ಅಂದಾಜು ಮೌಲ್ಯದ ಶೇ 80, ಇವುಗಳಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಶೇ 6.25 ತೆರಿಗೆ. 10,000 ಡಾಲರ್ ಅಂದಾಜಿನ ಕಾರನ್ನು 6,000ಕ್ಕೆ ಕೊಂಡರೂ 8,000ದ ಮೇಲೆ 500 ಡಾಲರ್ ಕಟ್ಟಬೇಕು. ಕಾರಿನ ಸ್ಥಿತಿ ನಿಜಕ್ಕೂ ಕೆಟ್ಟಿದ್ದರೆ ಮೌಲ್ಯಮಾಪನ ಪತ್ರ ತರಬಹುದು. ಈ ಮೌಲ್ಯವನ್ನು ಯಾರು ಬೇಕಾದರೂ ಜಾಲತಾಣದಲ್ಲಿ ನೋಡಬಹುದು. ಅದನ್ನು ಮುಂದಿಟ್ಟುಕೊಂಡು ಮಾತಿಗೆ ಕೂತರೆ ಸಂಕೋಚದವನಿಗೂ ನೆಲೆ ಸಿಗುತ್ತದೆ.

ಡಲ್ಲಾಸ್‌ನ ಮಲ್ಲಿಗೆ ಕನ್ನಡ ಸಂಘ, ಹ್ಯೂಸ್ಟನ್ ಕನ್ನಡ ವೃಂದ, ಆಸ್ಟಿನ್ ಕನ್ನಡ ಸಂಘಗಳ ನೆರಳಲ್ಲಿ ಕಲೆತ ಜನರಿಗೆ ಪರದೆಯ ಆಚೆಗೂ ಮತ್ತೆ ಎದುರಾಗುವ ಅವಕಾಶವಿದೆ. ಅವರ ಗುಂಪುಗಳಲ್ಲಿ ಮೂರು ಕಟ್ಟಳೆ ನಿಂತರೆ ಸಾಕು: ವಸ್ತುವಿನ ದೋಷವನ್ನು ಫೋಟೊದ ಜೊತೆಯಲ್ಲೇ ಬರೆಯಿರಿ, ಬೆಲೆಗೆ ಆಧಾರ ತೋರಿಸಿ ಚೌಕಾಸಿ ಮಾಡಿ, ಮಾತಾದ ಮೇಲೆ ಬಾಗಿಲಲ್ಲಿ ಬೆಲೆ ಇಳಿಸಬೇಡಿ. ಊರು ಬಿಟ್ಟು ಹೊರಟ ಮನೆಯಿಂದ ಮೇಜೊಂದನ್ನು ಹೊತ್ತು ತರುವಾಗ ಒಪ್ಪಿದ ದುಡ್ಡನ್ನು ಪೂರ್ತಿ ಎಣಿಸಿಕೊಡಿ. ಕೊಳ್ಳುವವನು ಕೊಡಬಹುದಾದ ಕೊಸರು ಅದೇ.