ಕಡೆಗೆ ತೆರೆದದ್ದನ್ನು ಮೊದಲು ಮುಚ್ಚಿ!

ತೆಂಗಿನಕಾಯಿ ಪೇರಿಸಲು ಅಟ್ಟ ಹತ್ತಿದವರು ಇಳಿಯುವ ಮೊದಲೇ ಕೆಳಗಿದ್ದವರು ಏಣಿ ತೆಗೆದರೆ ಏನಾದೀತು? ಚನ್ನರಾಯಪಟ್ಟಣದ ಕಡೆ ತೋಟದ ಮನೆಯ ಯಾವ ಮಕ್ಕಳನ್ನು ಕೇಳಿದರೂ ನಕ್ಕು ಉತ್ತರ ಹೇಳಿಯಾರು. ಏಣಿ ಇಟ್ಟ ಮೇಲೆ ಹತ್ತಿದ್ದು. ಆದ್ದರಿಂದ ಇಳಿದ ಮೇಲೆಯೇ ಏಣಿ ತೆಗೆಯಬೇಕು. ಆದರೆ ತಂತ್ರಾಂಶ ಬರೆಯುವಾಗ ಈ ಸರಳ ಪಾಠ ನುರಿತವರಿಗೂ ಮರೆತುಹೋಗುವುದುಂಟು.

ಹೊಳೆನರಸೀಪುರ, ಅರಕಲಗೂಡುಗಳಿಂದ ಬಸ್ಸು ಹತ್ತಿ ಹಾಸನದ ಕಾಲೇಜುಗಳಿಗೆ ಬಂದು ಗಣಕ ವಿಜ್ಞಾನ ಕಲಿಯುವವರಿಗೆ 'ಡಿಬಗರ್' ಪರಿಚಿತ. ಇದು ತಪ್ಪು ಹುಡುಕುವ ತಂತ್ರಾಂಶ. ಪ್ರೋಗ್ರಾಮನ್ನು ಬೇಕಾದ ಸಾಲಿನಲ್ಲಿ ನಿಲ್ಲಿಸಿ, ಆ ಕ್ಷಣ ಯಾವ ಚರಾಕ್ಷರಕ್ಕೆ ಯಾವ ಬೆಲೆ ಇದೆ ಎಂದು ತೋರಿಸುತ್ತದೆ. ಇವುಗಳಲ್ಲಿ ಹೆಸರಾದ ಜಿಡಿಬಿಯನ್ನು ರಿಚರ್ಡ್ ಸ್ಟಾಲ್ಮನ್ 1986ರಲ್ಲಿ ಬರೆದರು. ಅದರ ಸೋರ್ಸ್ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು.

ಕೆಲಸಕ್ಕಿಳಿದ ಡಿಬಗರ್ ಕಡತಗಳನ್ನು ತೆರೆಯುತ್ತದೆ, ಗಣಕದ ಸ್ಮರಣೆಯಲ್ಲಿ ಜಾಗ ಪಡೆಯುತ್ತದೆ. ಮುಗಿದಾಗ ಎಲ್ಲವನ್ನೂ ಹಿಂದಿರುಗಿಸಬೇಕು. ಒಂದು ಕಡತವನ್ನು ನೆಚ್ಚಿಕೊಂಡ ಭಾಗ ಇನ್ನೂ ಕೆಲಸದಲ್ಲಿರುವಾಗಲೇ ಆ ಕಡತವನ್ನು ಮುಚ್ಚಿದರೆ, ಆ ಭಾಗದ ಸ್ಥಿತಿ ಅಟ್ಟದ ಮೇಲೆ ಉಳಿದವನದೇ! ಇಲ್ಲದ್ದಕ್ಕೆ ಕೈಚಾಚಿ ಡಿಬಗರೇ ಕುಸಿಯಬಹುದು. ತಪ್ಪು ಹುಡುಕುವ ಸಾಧನದಲ್ಲೇ ತಪ್ಪು!

ಜಿಡಿಬಿ ಬಹುಕಾಲ ಸಿ ಭಾಷೆಯಲ್ಲಿತ್ತು. ಹಿಂದಿರುಗಿಸಬೇಕಾದವುಗಳ ಪಟ್ಟಿಯನ್ನು ಬರೆಯುವವರೇ ಇಡಬೇಕಿತ್ತು. ಕಡೆಗೆ ಸೇರಿದ್ದು ಮೊದಲು ತೀರುತ್ತಿತ್ತು. ಸೇರಿಸಲು ಮರೆತರೆ ತೊಂದರೆ ತಪ್ಪಿದ್ದಲ್ಲ. 2017ರ 8.0 ಆವೃತ್ತಿಗೆ ಸಿ ಪ್ಲಸ್ ಪ್ಲಸ್ 11 ಕಡ್ಡಾಯವಾಯಿತು. ಈ ಭಾಷೆಯಲ್ಲಿ ಒಂದು ಆವರಣದೊಳಗೆ ಘೋಷಿಸಿದ ವಸ್ತುಗಳು, ಆವರಣ ಮುಗಿದೊಡನೆ, ಘೋಷಿಸಿದ ಕ್ರಮಕ್ಕೆ ವಿರುದ್ಧವಾಗಿ ತಾವಾಗಿಯೇ ತೆರವಾಗುತ್ತವೆ. ಆದರೆ ಯಾವುದನ್ನು ಮೊದಲು ಘೋಷಿಸಬೇಕೆಂದು ಮನುಷ್ಯನೇ ಯೋಚಿಸಬೇಕು! ಕ್ರಮ ತಪ್ಪಿದಾಗ ಎಷ್ಟೋ ಸಲ ಎರಡು ಸಾಲುಗಳನ್ನು ಅದಲುಬದಲು ಮಾಡುವುದೇ ಮದ್ದು.

ಮುಗಿಸುವ ಕ್ರಮದ ಮಹತ್ವ ಹಾಸನಕ್ಕೆ ಹೊಸದೇನಲ್ಲ. 1982ರಲ್ಲಿ ಆರಂಭವಾದ ಇಲ್ಲಿನ ಇಸ್ರೋ ಮುಖ್ಯ ನಿಯಂತ್ರಣ ಕೇಂದ್ರದ ಕೆಲಸವೇ ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುವುದು. 2007ರಲ್ಲಿ ಹಾರಿದ ಇನ್ಸಾಟ್-4ಬಿ ಉಪಗ್ರಹದ ಸೇವೆ ಮುಗಿದಾಗ, ಇಸ್ರೋ 2022ರ ಜನವರಿಯಲ್ಲಿ ಅದನ್ನು 11 ಹಂತಗಳಲ್ಲಿ ಮೇಲಿನ ಕಕ್ಷೆಗೆ ಏರಿಸಿ, ಆ ಬಳಿಕವೇ 24ರಂದು ನಿಷ್ಕ್ರಿಯಗೊಳಿಸಿತು. ಮೊದಲೇ ಸಂಪರ್ಕ ಕಡಿದಿದ್ದರೆ 'ಮೇಲೇರು' ಎಂಬ ಆಜ್ಞೆ ಅದಕ್ಕೆ ಮುಟ್ಟುತ್ತಿತ್ತೇ?

ಉತ್ತರ ಸರಿ ಬಂದೊಡನೆ ಪ್ರಯೋಗಶಾಲೆಯಿಂದ ಹೊರಡುವ ವಿದ್ಯಾರ್ಥಿಗಳು ಒಂದು ನಿಮಿಷ ನಿಲ್ಲಲಿ. ತಮ್ಮ ಪ್ರೋಗ್ರಾಮು ಪಡೆದದ್ದನ್ನೆಲ್ಲ ಯಾವ ಕ್ರಮದಲ್ಲಿ ಹಿಂದಿರುಗಿಸುತ್ತಿದೆ ಎಂದು ನೋಡಲಿ. ಮನೆಯಲ್ಲಿ ತಂದೆತಾಯಿಯರೂ 'ಉತ್ತರ ಬಂತೇ?' ಎನ್ನುವುದರ ಜೊತೆಗೆ 'ಸರಿಯಾಗಿ ಮುಗಿಸಿದೆಯಾ?' ಎಂದೂ ಕೇಳಲಿ.