ಹಿಟ್ಟಿನ ವ್ಯಾಪಾರಿ ಕೊಟ್ಟ 15 ನಿಮಿಷ

ಮಧ್ಯಾಹ್ನ 12 ಗಂಟೆ 15 ನಿಮಿಷ. ಈ ಟೈಮನ್ನ ಸ್ವಲ್ಪ ನೆನಪಿಟ್ಕೊಳ್ಳಿ ವೀಕ್ಷಕರೇ, ಇವತ್ತಿನ ಕಥೆಯೆಲ್ಲ ಇರೋದು ಇದರಲ್ಲೇ.

ಹೊರದೇಶದ ಎಷ್ಟೋ ರೇಡಿಯೋಗಳಲ್ಲಿ ವಾರಕ್ಕೊಮ್ಮೆ ಬ್ಲೂಸ್ ಸಂಗೀತದ ಕಾರ್ಯಕ್ರಮ ಬರುತ್ತೆ. ಒಂದು ಗಂಟೆ, ಹೆಚ್ಚೆಂದರೆ ಎರಡು ಗಂಟೆ. 80 ವರ್ಷ ಹಳೇ ಹಾಡೊಂದು ಮುಗಿದ ತಕ್ಷಣ, ಹೋದ ತಿಂಗಳು ಬಿಡುಗಡೆಯಾದ ಹಾಡು. ಸಿನಿಮಾ ಹಾಡಾದರೆ ಹಳೇದಕ್ಕೆ ಒಂದು ಕಾರ್ಯಕ್ರಮ, ಹೊಸದಕ್ಕೆ ಇನ್ನೊಂದು ಮಾಡ್ತಾರೆ. ಬ್ಲೂಸ್‌ನಲ್ಲಿ ಮಾತ್ರ ಅಜ್ಜ ಮೊಮ್ಮಗ ಒಂದೇ ಪಂಕ್ತಿಯಲ್ಲಿ ಕೂರ್ತಾರೆ. ಯಾಕೆ? ಇದಕ್ಕೆ ಉತ್ತರ ಬೇಕು ಅಂದರೆ 1941ಕ್ಕೆ ಹೋಗಬೇಕು.

ಅಮೆರಿಕದ ಅರ್ಕನ್ಸಾ ರಾಜ್ಯ. ಮಿಸಿಸಿಪ್ಪಿ ನದಿ ದಡದ ಹೆಲೆನಾ ಅನ್ನೋ ಪುಟ್ಟ ಊರು, ಸುತ್ತಮುತ್ತ ಹತ್ತಿ ಹೊಲ. ಆ ವರ್ಷ ನವೆಂಬರ್ 21ರಂದು ಅಲ್ಲಿನ ಕೆಎಫ್‌ಎಫ್‌ಎ ರೇಡಿಯೋದಲ್ಲಿ 'ಕಿಂಗ್ ಬಿಸ್ಕಿಟ್ ಟೈಮ್' ಶುರುವಾಯ್ತು. ಅಲ್ಲಿ ಬಿಸ್ಕಿಟ್ ಅಂದರೆ ನಾವು ಟೀಗೆ ಅದ್ದಿ ತಿನ್ನೋದಲ್ಲ, ಮನೆಯಲ್ಲೇ ಸುಡೋ ಮೆತ್ತನೆಯ ಪುಟ್ಟ ಬ್ರೆಡ್ಡು. ಅದನ್ನು ಮಾಡೋ ಹಿಟ್ಟಿನ ಬ್ರಾಂಡ್ ಹೆಸರೇ ಕಿಂಗ್ ಬಿಸ್ಕಿಟ್. ಊರಿನ ಸಗಟು ದಿನಸಿ ವ್ಯಾಪಾರಿ ದುಡ್ಡು ಕೊಟ್ಟ, ಇಬ್ಬರು ಕಪ್ಪು ಕಲಾವಿದರು ಮೈಕ್ ಮುಂದೆ ಕೂತರು. ಮೌತ್ ಆರ್ಗನ್ ನುಡಿಸುತ್ತಾ ಹಾಡಿದ್ದು ಸನ್ನಿ ಬಾಯ್ ವಿಲಿಯಮ್ಸನ್, ಗಿಟಾರ್ ಹಿಡಿದಿದ್ದು ರಾಬರ್ಟ್ ಲಾಕ್‌ವುಡ್ ಜೂನಿಯರ್. ನಮ್ಮಲ್ಲಿ ಮುಂದೆ ಟೂತ್‌ಪೇಸ್ಟ್ ಹೆಸರಲ್ಲಿ ಬಿನಾಕಾ ಗೀತ್‌ಮಾಲಾ ಬಂತಲ್ಲ, ಲೆಕ್ಕಾಚಾರ ಅದೇ. ಹಾಡು ಕೇಳಿ, ಮಾಲು ಕೊಳ್ಳಿ.

ಸರಿ, 12.15 ಯಾಕೆ? ಹತ್ತಿ ಹೊಲದ ಕೂಲಿಗಳಿಗೆ ಊಟಕ್ಕೆ ಬಿಡ್ತಿದ್ದ ಹೊತ್ತು ಅದು. ಬೆಳಗಿನಿಂದ ಬೆನ್ನು ಬಗ್ಗಿಸಿ ದುಡಿದವರು ತಟ್ಟೆ ಮುಂದೆ ಕೂತಾಗ ರೇಡಿಯೋದಲ್ಲಿ ತಮ್ಮವರದೇ ದನಿ. ಕಪ್ಪು ಜನರೂ ಹಿಟ್ಟು ಕೊಳ್ಳೋ ಗ್ರಾಹಕರು ಅನ್ನೋದು ಆ ವ್ಯಾಪಾರಿಗೆ ಗೊತ್ತಿತ್ತು. ವ್ಯಾಪಾರ ಎಷ್ಟು ಕುದುರಿತು ಅಂದರೆ, ಮುಂದೆ ಅದೇ ಕಂಪನಿ 'ಸನ್ನಿ ಬಾಯ್' ಹೆಸರಲ್ಲೇ ಮುಸುಕಿನ ಜೋಳದ ಹಿಟ್ಟನ್ನೂ ಮಾರಾಟಕ್ಕೆ ಬಿಟ್ಟಿತು. ಚೀಲದ ಮೇಲೆ ಆತನದೇ ಚಿತ್ರ!

ಆ ಕಾಲ ಎಂಥದ್ದು ಅನ್ನೋದನ್ನ ಮರೀಬೇಡಿ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಶಾಲೆ, ಬಸ್ಸಿನ ಸೀಟು, ನೀರಿನ ನಲ್ಲಿ ಎಲ್ಲವೂ ಬಿಳಿಯರಿಗೆ ಬೇರೆ, ಕಪ್ಪು ಜನರಿಗೆ ಬೇರೆ. ಆದರೆ ರೇಡಿಯೋ ತರಂಗಕ್ಕೆ ಯಾವ ಮನೆಯ ಗೋಡೆ ಯಾರದ್ದು ಅಂತ ಗೊತ್ತಾಗಲ್ಲ. ಇಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ಟ್ರಾನ್ಸ್‌ಮಿಟರ್ ಆನ್ ಆದ ಮೇಲೆ ಆ ವ್ಯಾಪ್ತಿಯೊಳಗೆ ಸೆಟ್ ಇರೋ ಎಲ್ಲರಿಗೂ ಅದು ಕೇಳಲೇಬೇಕು. ಕಾನೂನು ದಾಟಲು ಬಿಡದ ಹೊಸ್ತಿಲನ್ನು ಮೌತ್ ಆರ್ಗನ್ ದನಿ ದಿನಾ ದಾಟ್ತಿತ್ತು.

ಇನ್ನೊಂದು ವಿಷಯ. ಸನ್ನಿ ಬಾಯ್ ಮೊದಲ ಬಾರಿಗೆ ರೆಕಾರ್ಡ್ ಮಾಡಿದ್ದು 1951ರಲ್ಲಿ. ಅಂದರೆ ಸುಮಾರು ಹತ್ತು ವರ್ಷ, ಒಂದೇ ಒಂದು ರೆಕಾರ್ಡ್ ಇಲ್ಲದೆ, ಬರೀ ರೇಡಿಯೋದಿಂದಲೇ ಆತ ಹೆಸರುವಾಸಿ. ಸಂಜೆ ಯಾವ ಊರಲ್ಲಿ ತಮ್ಮ ಕಾರ್ಯಕ್ರಮ ಇದೆ ಅಂತ ರೇಡಿಯೋದಲ್ಲೇ ಹೇಳೋದಕ್ಕೆ ಈ ಕಲಾವಿದರಿಗೆ ಅವಕಾಶ ಇತ್ತು. ಅವರ ಹೊಟ್ಟೆಪಾಡಿಗೆ ಅದು ದೊಡ್ಡ ಆಸರೆ. ಹಾಗಂತ ಹಿಟ್ಟಿನ ವ್ಯಾಪಾರಿ ಸಮಾಜ ಸುಧಾರಕನೇನಲ್ಲ. ಆತ ನೋಡಿದ್ದು ಗಲ್ಲಾಪೆಟ್ಟಿಗೆ. ಆದರೆ ಆತ ಕೊಂಡ ಆ 15 ನಿಮಿಷದಿಂದ ಏನೇನಾಯ್ತು ನೋಡಿ.

ನದಿಯಾಚೆ ಮಿಸಿಸಿಪ್ಪಿ ರಾಜ್ಯದಲ್ಲಿ ಟ್ರ್ಯಾಕ್ಟರ್ ಓಡಿಸ್ತಿದ್ದ ಹುಡುಗನೊಬ್ಬ ಊಟದ ಹೊತ್ತಲ್ಲಿ ಇದನ್ನ ತಪ್ಪದೆ ಕೇಳ್ತಿದ್ದ. 1948ರಲ್ಲಿ ಆತ ಹುಡುಕಿಕೊಂಡು ಹೋಗಿದ್ದು ಸನ್ನಿ ಬಾಯ್‌ನನ್ನೇ. ಆ ಹೊತ್ತಿಗೆ ಸನ್ನಿ ಬಾಯ್ ಬೇರೊಂದು ರೇಡಿಯೋದಲ್ಲಿ ಕಾರ್ಯಕ್ರಮ ಕೊಡ್ತಿದ್ದ. ಅಲ್ಲಿ ಹುಡುಗನಿಗೆ ಹಾಡೋ ಅವಕಾಶ ಸಿಕ್ತು. ಆಮೇಲೆ ಮೆಂಫಿಸ್ ನಗರದ ಡಬ್ಲ್ಯುಡಿಐಎ ರೇಡಿಯೋದಲ್ಲಿ ಕೆಲಸ, ಅಲ್ಲೂ ಒಂದು ಟಾನಿಕ್‌ನ ಜಾಹೀರಾತು ಹಾಡಬೇಕಿತ್ತು! ಆ ಹುಡುಗನೇ ಬಿ.ಬಿ. ಕಿಂಗ್. ಹೆಸರಿನ ಮುಂದಿನ 'ಬಿ.ಬಿ.' ಕೂಡ ರೇಡಿಯೋದಲ್ಲೇ ಅಂಟಿಕೊಂಡಿದ್ದು, 'ಬ್ಲೂಸ್ ಬಾಯ್' ಅಂತ.

ಇನ್ನೊಂದು ಕೊಂಡಿ ಸಮುದ್ರ ದಾಟ್ತು. 1963ರಲ್ಲಿ ಸನ್ನಿ ಬಾಯ್ ಯುರೋಪ್ ಪ್ರವಾಸ ಹೋದ. ಎರಿಕ್ ಕ್ಲಾಪ್ಟನ್ ಗಿಟಾರ್ ನುಡಿಸ್ತಿದ್ದ ಯಾರ್ಡ್‌ಬರ್ಡ್ಸ್ ಅನ್ನೋ ಹುಡುಗರ ತಂಡ ಇಂಗ್ಲೆಂಡಿನಲ್ಲಿ ಆತನ ಹಿಂದೆ ನಿಂತು ನುಡಿಸಿತು. ಬ್ರಿಟನ್ನಿನ ಒಂದಿಡೀ ತಲೆಮಾರು ಆಗ ಬ್ಲೂಸ್ ಹುಚ್ಚು ಹತ್ತಿಸಿಕೊಂಡಿತ್ತು. ಅವರಲ್ಲೊಬ್ಬ, ಮ್ಯಾನ್‌ಫ್ರೆಡ್ ಮ್ಯಾನ್ ತಂಡದ ಗಾಯಕ, ಮೌತ್ ಆರ್ಗನ್ ವಾದಕ ಪಾಲ್ ಜೋನ್ಸ್. ಇದೇ ಪಾಲ್ ಜೋನ್ಸ್ 1986ರಿಂದ 2018ರವರೆಗೆ, 32 ವರ್ಷ, ಬಿಬಿಸಿ ರೇಡಿಯೋದಲ್ಲಿ ಬ್ಲೂಸ್ ಕಾರ್ಯಕ್ರಮ ನಡೆಸಿಕೊಟ್ಟರು. ಆಮೇಲೆ ಆ ಕುರ್ಚಿಗೆ ಬಂದಿದ್ದು ಗಾಯಕಿ ಕೆರಿಸ್ ಮ್ಯಾಥ್ಯೂಸ್.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಹಳೇದು ಹೊಸದು ಯಾಕೆ ಜೊತೆಗೆ? ಬ್ಲೂಸ್‌ನ ಚೌಕಟ್ಟು ತೀರಾ ಸರಳ. ಬಹುತೇಕ ಹಾಡುಗಳಲ್ಲಿ 12 ಅಳತೆಯ ಒಂದು ಸುತ್ತು, ಮೂರು ಕಾರ್ಡ್. ಒಂದು ಸಾಲು ಹಾಡ್ತಾರೆ, ಅದನ್ನೇ ಮತ್ತೆ ಹಾಡ್ತಾರೆ, ಮೂರನೇ ಸಾಲಿನಲ್ಲಿ ಅದಕ್ಕೆ ಉತ್ತರ. ಗಾಂಧಾರ, ನಿಷಾದಗಳನ್ನು ಚೂರು ಇಳಿಸಿ, ಎಳೆದು ಹಾಡ್ತಾರೆ. ಆ ಅಳುಕುವ ಸ್ವರದಲ್ಲೇ ನೋವು ಇರೋದು. ಚೌಕಟ್ಟು ಎಲ್ಲರಿಗೂ ಒಂದೇ, ಅದರೊಳಗೆ ತುಂಬೋ ಬದುಕು ಮಾತ್ರ ಅವರವರದ್ದು. ಹಾಗಾಗಿ ಹೊಸ ಹಾಡುಗಾರ ಏನು ಸೇರಿಸಿದ ಅನ್ನೋದು ತಿಳಿಯಬೇಕಾದರೆ ಪಕ್ಕದಲ್ಲೇ ಹಳೇದು ಕೇಳಿಸಬೇಕು.

ಉದಾಹರಣೆಗೆ ಕ್ರಿಸ್ಟೋನ್ 'ಕಿಂಗ್‌ಫಿಶ್' ಇಂಗ್ರಾಮ್. 1999ರಲ್ಲಿ ಹುಟ್ಟಿದ ಹುಡುಗ. ಊರು ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್, ಹೆಲೆನಾದಿಂದ ದೂರವೇನಲ್ಲ. 2022ರಲ್ಲಿ ಗ್ರ್ಯಾಮಿ ಗೆದ್ದ ಆತನ ಆಲ್ಬಮ್ ಹೆಸರು '662'. ಅದೇನು ಗೊತ್ತಾ? ಆ ಭಾಗದ ಟೆಲಿಫೋನ್ ಕೋಡ್! ಅವನ ಗಿಟಾರ್ ಕೇಳಿ, ಹಿಂದೆಯೇ ಬಿ.ಬಿ. ಕಿಂಗ್ ಕೇಳಿ. ಮನೆ ಹಳೇದು, ಬಾಗಿಲು ತೆಗೆದವನು ಹೊಸಬ ಅನ್ನೋದು ಯಾರೂ ಹೇಳಿಕೊಡದೆ ಗೊತ್ತಾಗುತ್ತೆ.

ಇವತ್ತು ಫೋನ್‌ನ ಆ್ಯಪ್‌ನಲ್ಲಿ ಎಲ್ಲ ಹಾಡೂ ಸಿಗುತ್ತೆ, ರೇಡಿಯೋ ಯಾಕೆ ಅಂತೀರಾ? ಆ್ಯಪ್ ಕೊಡೋದು ಹೆಚ್ಚಾಗಿ ನೀವು ಈಗಾಗಲೇ ಇಷ್ಟಪಟ್ಟಿದ್ದನ್ನೇ ಹೋಲುವ ಹಾಡು. ಒಳ್ಳೇ ನಿರೂಪಕ ನಿಮಗೆ ಗೊತ್ತೇ ಇಲ್ಲದ್ದನ್ನ ಕೊಡ್ತಾನೆ, ಅದು ಎಲ್ಲಿಂದ ಬಂತು ಅಂತಾನೂ ಹೇಳ್ತಾನೆ. ಹೆಲೆನಾದಲ್ಲಿ ಸನ್ನಿ ಪೇನ್ ಅನ್ನೋ ನಿರೂಪಕ 1951ರಲ್ಲಿ ಮೈಕ್ ಹಿಡಿದರು. ನಡುವೆ ಕೆಲವು ವರ್ಷ ನಿಂತಿದ್ದ ಕಾರ್ಯಕ್ರಮ ಮತ್ತೆ ಶುರುವಾದಾಗಲೂ ಅವರೇ. 2014ರಲ್ಲಿ ಅದು 17,000 ಕಂತು ತಲುಪಿತು. 2018ರಲ್ಲಿ ಅವರು ತೀರಿಕೊಂಡ ಮೇಲೂ ಕಾರ್ಯಕ್ರಮ ಮುಂದುವರೀತು.

ನಮ್ಮ ಟಿವಿ ಉದ್ಯಮದಲ್ಲೂ ಯಾರಿಗೆ ಎಷ್ಟು ನಿಮಿಷ ಅನ್ನೋದನ್ನ ತೀರ್ಮಾನಿಸೋದು ಜಾಹೀರಾತು, ಟಿಆರ್‌ಪಿ. ಅದನ್ನ ತಪ್ಪಿಸೋಕೆ ಆಗಲ್ಲ, ಒಪ್ಕೋತೀನಿ. ಆದರೆ ಆ ನಿಮಿಷಗಳಲ್ಲಿ ಯಾರ ದನಿ ಕೇಳಿಸ್ತೀವಿ ಅನ್ನೋದು ಇವತ್ತಿಗೂ ನಮ್ಮ ಕೈಯಲ್ಲೇ ಇದೆ. ಹೆಲೆನಾದಲ್ಲಿ ಹಿಟ್ಟು ಮಾರೋಕೆ ಕೊಟ್ಟ 15 ನಿಮಿಷ, ಹೊಲದಲ್ಲಿ ಊಟಕ್ಕೆ ಕೂತಿದ್ದ ಒಬ್ಬ ಹುಡುಗನನ್ನ ಬಿ.ಬಿ. ಕಿಂಗ್ ಮಾಡಿತು. ಯಾವುದೋ ಪುಟ್ಟ ಕಾರ್ಯಕ್ರಮಕ್ಕೆ ನೋಡುಗರಿಲ್ಲ, ಕೇಳುಗರಿಲ್ಲ, ಕಿತ್ತುಹಾಕಿ ಅಂತ ಯಾರಾದರೂ ಹೇಳಿದಾಗ, ಆ 12.15ನ್ನ ಒಮ್ಮೆ ನೆನಪಿಸಿಕೊಳ್ಳಿ.